ಕಾರ್ಡು ಹೇಳಿಕೊಳ್ಳುವ ವಿಳಾಸ ಮಿತಿಯನ್ನು ನಂಬದಿರಿ: ಲಿನಕ್ಸ್ ಡ್ರೈವರ್‌ನಲ್ಲಿ ಡಿಎಂಎ ದೋಷ ಹಿಡಿಯುವ ಕ್ರಮ

ಸಾಗರದ ಸಮೀಪ ಅಡಿಕೆಯ ಬಣ್ಣ, ಗಾತ್ರಗಳನ್ನು ಕ್ಯಾಮೆರಾದಿಂದ ನೋಡಿ ರಾಶಿ, ಬೆಟ್ಟೆ, ಗೊರಬಲು ಎಂದು ಬೇರ್ಪಡಿಸುವ ಯಂತ್ರವೊಂದಿದೆ. ಅದರ ಕಂಪ್ಯೂಟರಿಗೆ 2 ಜಿಬಿ ಬದಲು 8 ಜಿಬಿ ರ‍್ಯಾಮ್ ಹಾಕಿದಂದಿನಿಂದ ಹೊಸ ಚಿತ್ರದ ನಡುವೆ ಹಳೆಯ ಚಿತ್ರದ ಪಟ್ಟಿಗಳು ಕಾಣಿಸತೊಡಗಿದವು. ಒಮ್ಮೊಮ್ಮೆ ಕಂಪ್ಯೂಟರೇ ಸ್ತಬ್ಧವಾಗುತ್ತಿತ್ತು. ಮಳೆಗಾಲವಾದ್ದರಿಂದ ಎಲ್ಲರ ಅನುಮಾನವೂ ಮೊದಲು ಕರೆಂಟಿನ ಮೇಲೆ, ಆಮೇಲೆ ಯುಪಿಎಸ್ ಮೇಲೆ ಹೋಯಿತು. ನಿಜವಾದ ತಪ್ಪು, ಪ್ರೊಸೆಸರಿನ ನೆರವಿಲ್ಲದೆ ಚಿತ್ರವನ್ನು ನೇರವಾಗಿ ಮೆಮೊರಿಗೆ ಬರೆಯುವ (ಇದಕ್ಕೇ ಡಿಎಂಎ ಎನ್ನುತ್ತಾರೆ) ಕ್ಯಾಮೆರಾ ಕಾರ್ಡಿನದಾಗಿತ್ತು. 64 ಬಿಟ್ ವಿಳಾಸಗಳನ್ನು ಬಲ್ಲೆನೆಂದು ಹೇಳಿಕೊಳ್ಳುತ್ತಿದ್ದ ಅದು ಕೆಳಗಿನ 32 ಬಿಟ್‌ಗಳನ್ನು ಮಾತ್ರ ಬಳಸುತ್ತಿತ್ತು. ಊರಿನ ಹೆಸರು ಬಿಟ್ಟು ಮನೆ ನಂಬರನ್ನಷ್ಟೇ ಬರೆದ ಕಾಗದದಂತೆ, 32 ಬಿಟ್‌ಗಳು ಮುಟ್ಟಬಲ್ಲ 4 ಜಿಬಿಯಿಂದಾಚೆಗೆ ಹೋಗಬೇಕಾದ ದತ್ತಾಂಶವು ಈಚೆಗೆ ಯಾರದೋ ಮೆಮೊರಿಯ ಮೇಲೆ ಬೀಳುತ್ತಿತ್ತು.

ಇಂತಹ ಕಾರ್ಡುಗಳು ಅಪರೂಪವಲ್ಲ. ಏಎಸ್‌ಮೀಡಿಯಾದ ಏಎಸ್‌ಎಂ1061 ಎಂಬ ಡಿಸ್ಕ್ ನಿಯಂತ್ರಕವು 64 ಬಿಟ್ ಎಂದು ಹೇಳಿಕೊಂಡರೂ 43 ಬಿಟ್‌ಗಳಾಚೆಗೆ ತಲುಪುವುದಿಲ್ಲವೆಂದು ಲಿನಕ್ಸ್ ಕರ್ನಲ್‌ನಲ್ಲಿ ಅದಕ್ಕೆ ಪ್ರತ್ಯೇಕ ಮಿತಿಯನ್ನು ಬರೆಯಲಾಗಿದೆ. 43 ಬಿಟ್ ಎಂದರೆ 8 ಟಿಬಿ. ಅಷ್ಟು ರ‍್ಯಾಮ್ ಯಾರ ಮನೆಯಲ್ಲಿದೆ ಎಂದು ಕೇಳಬಹುದು. ಆದರೆ ಐಒಎಂಎಂಯು (ಕಾರ್ಡುಗಳು ಬಳಸುವ ವಿಳಾಸವನ್ನು ಮೆಮೊರಿಯ ವಿಳಾಸಕ್ಕೆ ಬದಲಿಸುವ ಘಟಕ) ಚಾಲೂ ಇದ್ದಾಗ ಕಾರ್ಡಿಗೆ ಸಿಗುವುದು ರ‍್ಯಾಮಿನ ನಿಜವಾದ ವಿಳಾಸವಲ್ಲ, ಅದು ಹಂಚುವ ಕಲ್ಪಿತ ವಿಳಾಸ, ಮತ್ತು ಅದು ಎಷ್ಟು ಮೇಲಿನದಾದರೂ ಆಗಿರಬಹುದು.

ಆದ್ದರಿಂದ ಪರೀಕ್ಷೆಯನ್ನು ಐಒಎಂಎಂಯು ಆಫ್ ಮಾಡಿಯೇ ಆರಂಭಿಸಬೇಕು. ಬೂಟ್ ಸಾಲಿನಲ್ಲಿ ‘ಮೆಮ್’ ನಿಯತಾಂಕಕ್ಕೆ 2 ಜಿಬಿ ಕೊಟ್ಟಾಗ ದೋಷ ಮಾಯವಾದರೆ ವಿಳಾಸದ ಮಿತಿಯೇ ಕಾರಣವಿರಬೇಕೆಂದು ಮುಂದುವರಿಯಬಹುದು. 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಸರಿಯಿದೆಯೇ ಎಂದು ನೋಡುವುದು ಸಾಲದು; ಪಿಸಿಐ ಸಾಧನಗಳ ರಿಜಿಸ್ಟರುಗಳಿಗೆ 4 ಜಿಬಿಯ ಕೆಳಗೆ ಜಾಗ ಬೇಕಾಗುವುದರಿಂದ ರ‍್ಯಾಮಿನ ಒಂದು ಭಾಗವನ್ನು ಸಾಮಾನ್ಯವಾಗಿ ಆ ಗಡಿಯ ಮೇಲಕ್ಕೆ ಸರಿಸಲಾಗಿರುತ್ತದೆ. ಮುಂದಿನ ಬೂಟ್‌ನಲ್ಲಿ ಪೂರ್ತಿ ರ‍್ಯಾಮ್ ಇಟ್ಟುಕೊಂಡು ‘ಎಸ್‌ಡಬ್ಲ್ಯೂಐಒಟಿಎಲ್‌ಬಿ’ ನಿಯತಾಂಕಕ್ಕೆ ‘ಫೋರ್ಸ್’ ಎಂದು ಕೊಡಿ. ಆಗ ಮ್ಯಾಪ್ ಮಾಡಿದ ಪ್ರತಿಯೊಂದು ಬಫರೂ ಕೆಳಗಿನ ಮೆಮೊರಿಯಲ್ಲಿರುವ ಮಧ್ಯಂತರ ಬಫರಿನ ಮೂಲಕ ಹಾದುಹೋಗುತ್ತದೆ. ಈ ಎರಡನೆಯ ಪರೀಕ್ಷೆ ನನಗೆ ಹೆಚ್ಚು ಪ್ರಿಯ, ಏಕೆಂದರೆ ಅದು ಡ್ರೈವರ್ ಬರೆದವನ ತಪ್ಪನ್ನೂ ಹೊರಗೆಳೆಯುತ್ತದೆ: ಎಕ್ಸ್86 ಯಂತ್ರಗಳಲ್ಲಿ ಕ್ಯಾಶೆ ತಾನಾಗಿಯೇ ಹೊಂದಿಕೊಳ್ಳುವುದರಿಂದ ಮರೆತುಬಿಟ್ಟ ಸಿಂಕ್ ಕರೆ (ಬಫರಿನ ದತ್ತಾಂಶ ಕಾರ್ಡಿಗೂ ಪ್ರೊಸೆಸರಿಗೂ ಒಂದೇ ಆಗಿ ಕಾಣುವಂತೆ ಮಾಡುವ ಕರೆ) ವರ್ಷಗಟ್ಟಲೆ ಗೊತ್ತಾಗುವುದಿಲ್ಲ, ಮಧ್ಯಂತರ ಬಫರ್ ಬಂದ ಕೂಡಲೇ ಹಳೆಯ ದತ್ತಾಂಶ ಕಣ್ಣಿಗೆ ಬೀಳುತ್ತದೆ. ಕರ್ನಲ್ಲಿನ ಡಿಎಂಎ ಎಪಿಐ ಡೀಬಗ್ ಆಯ್ಕೆಯನ್ನೂ ಇದೇ ಹೊತ್ತಿಗೆ ಸೇರಿಸಿಕೊಳ್ಳಬೇಕು.

ಮಿತಿ ಗೊತ್ತಾದ ಮೇಲೆ ಅದನ್ನು ಬರೆಯಬೇಕಾದ ಸ್ಥಳ ಒಂದೇ. ಡ್ರೈವರಿನ ಐಡಿ ಪಟ್ಟಿಯಲ್ಲಿ ಆ ಕಾರ್ಡಿನ ಸಾಲಿಗೆ ಒಂದು ಗುರುತನ್ನು ಜೋಡಿಸಿ, ಪ್ರೋಬ್ ಹಂತದಲ್ಲಿ (ಡ್ರೈವರ್ ಕಾರ್ಡನ್ನು ಗುರುತಿಸಿ ಸಿದ್ಧಪಡಿಸುವಾಗ) ಯಾವುದೇ ಬಫರನ್ನು ಪಡೆಯುವ ಮೊದಲೇ, ಆ ಗುರುತಿದ್ದರೆ ಡಿಎಂಎ ಮಾಸ್ಕನ್ನು (ಕಾರ್ಡು ತಲುಪಬಲ್ಲ ವಿಳಾಸದ ಮಿತಿಯನ್ನು) 32 ಬಿಟ್‌ಗೆ, ಇಲ್ಲದಿದ್ದರೆ 64 ಬಿಟ್‌ಗೆ ನಿಗದಿಪಡಿಸಿ. ಸ್ಟ್ರೀಮಿಂಗ್ (ಪ್ರತಿ ವರ್ಗಾವಣೆಗೂ ಮ್ಯಾಪ್ ಮಾಡುವ ಬಫರಿನದು) ಮತ್ತು ಕೋಹೆರೆಂಟ್ (ಕಾರ್ಡೂ ಪ್ರೊಸೆಸರೂ ಸದಾ ಹಂಚಿಕೊಳ್ಳುವ ಬಫರಿನದು) ಎರಡೂ ಮಾಸ್ಕ್‌ಗಳನ್ನು ಒಟ್ಟಿಗೆ ಹೊಂದಿಸುವ ಕರೆಯನ್ನೇ ಬಳಸಿ; ಕೋಹೆರೆಂಟ್ ಮಾಸ್ಕನ್ನು ಮರೆಯುವವರು ಬಹಳ. ಬಫರ್ 4 ಜಿಬಿಯ ಮೇಲಿದೆಯೇ ಎಂದು ಅಲ್ಲಲ್ಲಿ ಪರೀಕ್ಷಿಸಿ ಕೈಯಾರೆ ನಕಲು ಮಾಡುವ ಡ್ರೈವರುಗಳನ್ನು ಕಂಡಿದ್ದೇನೆ. ಐಒಎಂಎಂಯು ಇರುವ ಯಂತ್ರದಲ್ಲಿ ಆ ಪರೀಕ್ಷೆಗೆ ಅರ್ಥವೇ ಇರುವುದಿಲ್ಲ. ಮಿತಿ ಕಾರ್ಡಿನದಲ್ಲದೆ ಬಸ್ಸಿನದಾದರೆ ಡ್ರೈವರನ್ನು ಮುಟ್ಟಲೇಬಾರದು. ರಾಸ್ಪ್‌ಬೆರಿ ಪೈ 4ರ ಮೊದಲ ಚಿಪ್ ಆವೃತ್ತಿಯಲ್ಲಿ ಪಿಸಿಐಇ ಮೂಲಕ ಮೊದಲ 3 ಜಿಬಿಯನ್ನಷ್ಟೇ ಮುಟ್ಟಲು ಸಾಧ್ಯವಿತ್ತು. ಅಂತಹ ಮಿತಿಯನ್ನು, ಯಂತ್ರಾಂಶದ ವಿವರವನ್ನು ಕರ್ನಲ್ಲಿಗೆ ತಿಳಿಸುವ ಡಿವೈಸ್ ಟ್ರೀಯಲ್ಲಿ ಹೇಳಬೇಕು.

ಮಾಸ್ಕ್ ಇಳಿಸಿದ ಮೇಲೆ ಇನ್ನೊಂದು ತೊಡಕು ಎದುರಾಗುತ್ತದೆ. ಮಧ್ಯಂತರ ಬಫರಿನ ಒಟ್ಟು ಗಾತ್ರ ಸಾಮಾನ್ಯವಾಗಿ 64 ಎಂಬಿ, ಒಂದು ಮ್ಯಾಪಿಂಗ್‌ಗೆ ಸಿಗುವುದು ಹೆಚ್ಚೆಂದರೆ 256 ಕೆಬಿ. ಹಲವು ಎಂಬಿ ಗಾತ್ರದ ಚಿತ್ರವನ್ನು ಒಂದೇ ತುಂಡಾಗಿ ಮ್ಯಾಪ್ ಮಾಡಲು ಹೋದರೆ ಅದು ವಿಫಲವಾಗುತ್ತದೆ. ಫಲಿತಾಂಶವನ್ನು ಪರಿಶೀಲಿಸದ ಡ್ರೈವರ್ ಆ ವಿಫಲ ವಿಳಾಸವನ್ನೇ ಕಾರ್ಡಿಗೆ ಕೊಟ್ಟುಬಿಡುತ್ತದೆ. ಸಾಗರದ ಯಂತ್ರದಲ್ಲಿ ನಾನು ಚಿತ್ರಗಳಿಗೆ ಬೇಕಾದ ಬಫರುಗಳನ್ನು ಪ್ರೋಬ್ ಹಂತದಲ್ಲೇ ಕೋಹೆರೆಂಟ್ ಮೆಮೊರಿಯಾಗಿ ಪಡೆದು, ಅವನ್ನೇ ಸರದಿಯಂತೆ ಮತ್ತೆ ಮತ್ತೆ ಬಳಸುವಂತೆ ಮಾಡಿದೆ. ಮಾಸ್ಕಿಗೆ ಅನುಗುಣವಾಗಿ ಅವು 4 ಜಿಬಿಯ ಕೆಳಗೇ ಸಿಗುವುದರಿಂದ ನಕಲು ಮಾಡುವ ಹೊರೆಯೂ ಉಳಿಯಲಿಲ್ಲ.

‘ಮೆಮ್’ ಪರೀಕ್ಷೆಯಲ್ಲೂ ದೋಷ ಹೋಗದಿದ್ದರೆ ಓದು-ಬರಹಗಳು ನಡೆಯುವ ಕ್ರಮದ ಕಡೆ ನೋಡಿ. ಕಾರ್ಡು ಮೆಮೊರಿಯಲ್ಲಿ ಬರೆಯುವ ‘ಮುಗಿಯಿತು’ ಎಂಬ ಗುರುತನ್ನು ಓದಿದ ನಂತರ, ದತ್ತಾಂಶವನ್ನು ಓದುವ ಮೊದಲು, ಡಿಎಂಎ ಓದು ತಡೆ (ಓದುಗಳು ಹಿಂದುಮುಂದಾಗದಂತೆ ತಡೆಯುವ ಆದೇಶ) ಇರಬೇಕು. ಡಿಸ್ಕ್ರಿಪ್ಟರ್ (ಕಾರ್ಡಿಗೆ ಕೆಲಸದ ವಿವರ ಹೇಳುವ ದಾಖಲೆ) ತುಂಬಿದ ಮೇಲೆ, ಕೆಲಸ ಶುರುಮಾಡಲು ಹೇಳುವ ಡೋರ್‌ಬೆಲ್ ರಿಜಿಸ್ಟರಿಗೆ ಬರೆಯುವಾಗ ‘ರಿಲ್ಯಾಕ್ಸ್ಡ್’ ರೂಪವನ್ನು (ಕ್ರಮದ ಖಾತರಿಯಿಲ್ಲದ ಬರಹವನ್ನು) ಬಳಸಬಾರದು. ರಿಜಿಸ್ಟರಿಗೆ ಬರೆದದ್ದು ಕಾರ್ಡನ್ನು ತಲುಪಿದೆಯೆಂದು ಖಚಿತವಾಗಬೇಕಾದಲ್ಲಿ ಅದೇ ಕಾರ್ಡಿನಿಂದ ಒಂದು ರಿಜಿಸ್ಟರನ್ನು ಮರಳಿ ಓದಬೇಕು; ಕಾರ್ಡನ್ನು ನಿಲ್ಲಿಸಿ ಬಫರುಗಳನ್ನು ಬಿಡುಗಡೆ ಮಾಡುವ ಕಡೆ ಇದು ತಪ್ಪಿದರೆ, ಬಿಟ್ಟುಕೊಟ್ಟ ಮೆಮೊರಿಯ ಮೇಲೆ ಕಾರ್ಡು ಇನ್ನೂ ಬರೆಯುತ್ತಿರುತ್ತದೆ.