ಮೊದಲು ತಿಂಗಳು, ಆಮೇಲೆ ದೇಶ: ಹದಿಹರೆಯದ ಮಕ್ಕಳ ಜೊತೆ ದೂರದೇಶದ ಪ್ರವಾಸಕ್ಕೆ ಜಾಗ ಆರಿಸುವ ಬಗೆ

ದೂರದೇಶದ ಪ್ರವಾಸ ಎಂದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ ‘ಎಲ್ಲಿಗೆ?’ ಎಂಬುದು. ಅದನ್ನು ಮೂರನೆಯ ಪ್ರಶ್ನೆಯಾಗಿ ಇಟ್ಟುಕೊಳ್ಳಿ. ಮೊದಲನೆಯದು ‘ಯಾವಾಗ?’, ಎರಡನೆಯದು ‘ಎಷ್ಟು ರಾತ್ರಿ?’. ಹದಿಮೂರರಿಂದ ಹದಿನೆಂಟರ ಮಕ್ಕಳಿರುವ ಮನೆಯಲ್ಲಿ ಇವೆರಡಕ್ಕೆ ಉತ್ತರ ಸಿಕ್ಕಿತೆಂದರೆ ಭೂಪಟದ ಮುಕ್ಕಾಲು ಭಾಗ ತಾನಾಗಿಯೇ ಅಳಿಸಿಹೋಗುತ್ತದೆ. ದೇಶವನ್ನು ಮೊದಲು ಆರಿಸಿ ಆಮೇಲೆ ರಜೆಗೆ ಹೊಂದಿಸಲು ಹೋದವರೇ ಮಳೆಗಾಲದಲ್ಲಿ ಸಫಾರಿಗೂ, ಕೇಬಲ್ ಕಾರ್ ನಿಂತ ವಾರದಲ್ಲಿ ಸ್ವಿಟ್ಜರ್ಲೆಂಡಿಗೂ ಹೋಗಿ ಬರುವುದು.

ಯಾವ ವರ್ಷ, ಯಾವ ತಿಂಗಳು

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯು ತರಗತಿ ಶುರುವಾಗುವ ತನಕದ ಏಪ್ರಿಲ್–ಮೇ ಎಲ್ಲಕ್ಕಿಂತ ಒಳ್ಳೆಯ ಬಿಡುವು. ಪಿಯು ಕಾಲೇಜಿನ ಪ್ರವೇಶದ ದಿನಗಳನ್ನು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ. ಎಂಟು ಮುಗಿಸಿ ಒಂಬತ್ತಕ್ಕೆ ಹೋಗುವ ವರ್ಷವೂ ಸಲೀಸು. ಒಂಬತ್ತು ಮುಗಿಸಿ ಹತ್ತಕ್ಕೆ ಕಾಲಿಡುವ ಬೇಸಗೆಯಲ್ಲಿ ಹಲವು ಶಾಲೆಗಳು ವಿಶೇಷ ತರಗತಿ ನಡೆಸುತ್ತವೆ. ದ್ವಿತೀಯ ಪಿಯು ಬರೆಯುವ ವರ್ಷವನ್ನಂತೂ ಬಿಟ್ಟೇಬಿಡಿ: ಏಪ್ರಿಲ್‌ನಲ್ಲಿ ಸಿಇಟಿ, ಸಾಮಾನ್ಯವಾಗಿ ಮೇ ಮೊದಲ ಆದಿತ್ಯವಾರ ನೀಟ್, ಅದರ ಬೆನ್ನಿಗೆ ದಾಖಲೆ ಪರಿಶೀಲನೆ, ಕೌನ್ಸೆಲಿಂಗ್. ಆ ತಲೆಬಿಸಿಯ ನಡುವೆ ಮಾಡುವ ದುಬಾರಿ ಪ್ರವಾಸ ಮಗುವಿಗೂ ಬೇಡ, ನಿಮಗೂ ಬೇಡ.

ನಮ್ಮ ಕರಾವಳಿಗೆ ಇನ್ನೊಂದು ಲೆಕ್ಕವಿದೆ. ಮದುವೆ, ನೇಮ, ಬ್ರಹ್ಮಕಲಶ ಎಲ್ಲವೂ ಏಪ್ರಿಲ್–ಮೇ ತಿಂಗಳಲ್ಲೇ. ತಪ್ಪಿಸಲಾಗದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಮೇಲೆ ಉಳಿಯುವ ಉದ್ದನೆಯ ತುಂಡೇ ನಿಮ್ಮ ಪ್ರವಾಸದ ದಿನಗಳು. ಅದರಿಂದ ಹೋಗಲು ಒಂದೂವರೆ ದಿನ, ಬರಲು ಒಂದೂವರೆ ದಿನ ಕಳೆಯಿರಿ. ಅಲ್ಲಿ ನೆಲದ ಮೇಲೆ ಒಂಬತ್ತು ರಾತ್ರಿ ಉಳಿಯದಿದ್ದರೆ ಯುರೋಪ್, ಜಪಾನ್, ಆಸ್ಟ್ರೇಲಿಯಾ ಬೇಡ. ಅಮೆರಿಕಕ್ಕೆ ಹದಿಮೂರಾದರೂ ಇರಲಿ. ತಂಗುವ ಊರು ಮೂರಕ್ಕಿಂತ ಹೆಚ್ಚಾಗಬಾರದು. ಹತ್ತು ದಿನದಲ್ಲಿ ಆರು ಊರು ತೋರಿಸುವ ಪ್ಯಾಕೇಜಿನಲ್ಲಿ ಮಕ್ಕಳು ನೋಡುವುದಕ್ಕಿಂತ ಬಸ್ಸಿನಲ್ಲಿ ನಿದ್ದೆ ಮಾಡುವುದೇ ಹೆಚ್ಚು.

ತಿಂಗಳು ನಿಗದಿಯಾಯಿತೇ? ಈಗ ಅಳಿಸಲು ಶುರುಮಾಡಿ. ಏಪ್ರಿಲ್–ಮೇ ಕೀನ್ಯಾದಲ್ಲಿ ದೊಡ್ಡ ಮಳೆಯ ಕಾಲ. ಅಲ್ಲಿನ ಮಸಾಯಿ ಮಾರಾ ಅಭಯಾರಣ್ಯಕ್ಕೆ ವಿಲ್ಡೆಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳು ಬರುವುದು ಜುಲೈನಿಂದ ಅಕ್ಟೋಬರ್ ತನಕ. ಮೇ ತಿಂಗಳಲ್ಲೇ ಕಾಡುಪ್ರಾಣಿ ನೋಡಬೇಕೆಂದರೆ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನ ಉತ್ತಮ: ಅಲ್ಲಿ ಆಗ ಒಣಕಾಲ ಶುರು, ಹುಲ್ಲು ತಗ್ಗಿ ಪ್ರಾಣಿಗಳು ನೀರಿನ ಬಳಿ ಕಾಣಸಿಗುತ್ತವೆ. ಅದು ಮಲೇರಿಯಾ ಪ್ರದೇಶ, ಹೊರಡುವ ಮೊದಲು ವೈದ್ಯರ ಹತ್ತಿರ ಮಾತಾಡಿ. ಸ್ವಿಟ್ಜರ್ಲೆಂಡಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ತನಕ ಹಲವು ಕೇಬಲ್ ಕಾರ್‌ಗಳು ದುರಸ್ತಿಗೆಂದು ನಿಲ್ಲುತ್ತವೆ, ಎತ್ತರದ ಕಾಲುದಾರಿಗಳು ಇನ್ನೂ ಹಿಮದಡಿ ಇರುತ್ತವೆ. 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್‌ಗೆ ರೈಲು ವರ್ಷವಿಡೀ ಇದೆ, ಆದರೆ ಚಾರಣದ ಆಸೆಯಿರುವ ಹುಡುಗನಿಗೆ ಅದೊಂದು ಸಾಲದು. ಇಟಲಿ, ಸ್ಪೇನ್, ಗ್ರೀಸ್ ಮಾತ್ರ ಆಗ ಹದವಾದ ಹವೆಯಲ್ಲಿರುತ್ತವೆ. ಆಸ್ಟ್ರೇಲಿಯಾದಲ್ಲಿ ಶರತ್ಕಾಲ, ಸಿಡ್ನಿ, ಮೆಲ್ಬರ್ನ್ ತಿರುಗಾಟಕ್ಕೆ ಹಿತ. ಕೇರ್ನ್ಸ್ ಕಡೆಯ ಕಡಲಲ್ಲಿ ನವೆಂಬರಿನಿಂದ ಮೇ ತನಕ ಕುಟುಕುವ ಜೆಲ್ಲಿಮೀನಿನ ಕಾಲ, ಮೈಪೂರ್ತಿ ಮುಚ್ಚುವ ಈಜುಡುಗೆ ಹಾಕಿಯೇ ನೀರಿಗಿಳಿಯಬೇಕು.

ಜಪಾನಿಗೆ ಏಪ್ರಿಲ್ ಚೆನ್ನ, ಆದರೆ ಏಪ್ರಿಲ್ 29ರಿಂದ ಮೇ 5ರ ತನಕ ಅಲ್ಲಿಯವರದೇ ಸಾಲುರಜೆ. ರೈಲು ತುಂಬಿರುತ್ತದೆ, ಹೋಟೆಲ್ ಬಾಡಿಗೆ ಏರಿರುತ್ತದೆ. ಒಂದೋ ಏಪ್ರಿಲ್ ಎರಡನೆಯ ವಾರ ಹೋಗಿ, ಇಲ್ಲವೇ ಮೇ 7ರ ನಂತರ. ಜೂನ್ ಹೊತ್ತಿಗೆ ಅಲ್ಲಿಯೂ ಮಳೆ ಹಿಡಿಯುತ್ತದೆ.

ದಸರಾ ರಜೆ ಅಕ್ಟೋಬರಿಗೆ ಬಿದ್ದರೆ ನಾರ್ವೆಯ ಟ್ರಾಮ್ಸೊ ನೆನಪಿರಲಿ. ಸುಮಾರು 69 ಡಿಗ್ರಿ ಉತ್ತರ ಅಕ್ಷಾಂಶದ ಆ ಊರಿನಲ್ಲಿ ಸೆಪ್ಟೆಂಬರಿನಿಂದ ಏಪ್ರಿಲ್ ಆರಂಭದ ತನಕ ಉತ್ತರ ಧ್ರುವದ ಬೆಳಕಿನಾಟ ಕಾಣುವ ಸಾಧ್ಯತೆ ಇರುತ್ತದೆ. ಮೋಡ ಮುಚ್ಚಿದರೆ ಏನೂ ಕಾಣದು, ಹಾಗಾಗಿ ಕನಿಷ್ಠ ನಾಲ್ಕು ರಾತ್ರಿ ಇಡಿ. ಅದೇ ಬೆಳಕಿಗೆಂದು ಮೇ ತಿಂಗಳಲ್ಲಿ ಹೋದರೆ ಅಲ್ಲಿ ರಾತ್ರಿಯೇ ಇರುವುದಿಲ್ಲ.

ಮಕ್ಕಳ ದೇಹದ ಗಡಿಯಾರ

ಪ್ರವಾಸ ಕಂಪನಿಯವರು ಹೇಳದ, ಆದರೆ ಹದಿಹರೆಯದವರ ವಿಷಯದಲ್ಲಿ ಬಹಳ ಮುಖ್ಯವಾದ ಲೆಕ್ಕ ಇದು. ಈ ವಯಸ್ಸಿನಲ್ಲಿ ನಿದ್ದೆ ತರುವ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಎಂಟರಿಂದ ಹತ್ತು ಗಂಟೆಯ ನಿದ್ದೆ ಬೇಕು, ಆದರೆ ಬೇಗ ಮಲಗಲು ಆಗುವುದಿಲ್ಲ. ಅದು ಸೋಮಾರಿತನ ಅಲ್ಲ. ಇದನ್ನು ದಿಕ್ಕಿನ ಜೊತೆ ಸೇರಿಸಿ ನೋಡಿ.

ಟೋಕಿಯೊ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿನ ಬೆಳಗ್ಗೆ ಎಂಟು ಎಂದರೆ ಮಗುವಿನ ದೇಹಕ್ಕೆ ಉಡುಪಿಯ ನಸುಕಿನ ನಾಲ್ಕೂವರೆ. ಮೊದಲ ಮೂರು ದಿನ ಬೆಳಗ್ಗೆ ಏಳಕ್ಕೆ ಹೊರಡುವ ಯೋಜನೆ ಹಾಕಿದರೆ ಜಗಳ ಖಂಡಿತ. ಅದೇ ರಾತ್ರಿ ಹತ್ತು ಗಂಟೆ ಅವರಿಗೆ ಸಂಜೆ ಆರೂವರೆ. ದೀಪಗಳ ಬೀದಿ, ಆಟದ ಅಂಗಡಿ, ರಾತ್ರಿಯ ತಿಂಡಿ ಎಲ್ಲ ಆ ಹೊತ್ತಿಗೇ ಇಡಿ. ಸಿಡ್ನಿಯಲ್ಲಿ ಅಂತರ ನಾಲ್ಕೂವರೆ ಗಂಟೆ, ಕಷ್ಟ ಇನ್ನೂ ಸ್ವಲ್ಪ ಹೆಚ್ಚು. ಪಶ್ಚಿಮಕ್ಕೆ ಹೋದರೆ ಎಲ್ಲ ತಿರುಗುಮುರುಗು. ಬೇಸಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿನ ಬೆಳಗ್ಗೆ ಎಂಟಕ್ಕೆ ದೇಹದಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಮನೆಯಲ್ಲಿ ಎಬ್ಬಿಸಿದರೂ ಏಳದ ಹುಡುಗಿ ಅಲ್ಲಿ ತಾನೇ ಎದ್ದು ಕೂತಿರುತ್ತಾಳೆ. ಮ್ಯೂಸಿಯಂ ಬಾಗಿಲು ತೆರೆಯುವ ಹೊತ್ತಿಗೆ ಹೋಗಬೇಕಾದ ಊರುಗಳು ಪಶ್ಚಿಮದಲ್ಲಿರಲಿ. ಅಮೆರಿಕದ ಪಶ್ಚಿಮ ಕರಾವಳಿ ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಮೊದಲ ಮೂರು ದಿನ ಹಗಲು ರಾತ್ರಿ ಅದಲುಬದಲೇ, ಆ ದಿನಗಳಿಗೆ ದುಬಾರಿ ಟಿಕೆಟ್ ಖರೀದಿಸಬೇಡಿ.

ಮಕ್ಕಳನ್ನು ಕೇಳುವುದು ಹೇಗೆ

‘ಎಲ್ಲಿಗೆ ಹೋಗೋಣ?’ ಎಂದು ಕೇಳಿದರೆ ರೀಲ್ಸ್‌ನಲ್ಲಿ ನಿನ್ನೆ ಕಂಡ ಊರಿನ ಹೆಸರು ಬರುತ್ತದೆ. ಬದಲಿಗೆ ಪ್ರತಿಯೊಬ್ಬರೂ ಒಂದು ಕಾಗದದಲ್ಲಿ ಬೇರೆ ಬೇರೆ ಕೂತು ಬರೆಯಲಿ: ಮಾಡಲೇಬೇಕಾದ ಒಂದು ಕೆಲಸ, ನೋಡಬೇಕಾದ ಒಂದು ವಸ್ತು, ಖಂಡಿತ ಬೇಡದ ಒಂದು ಸಂಗತಿ. ಅಜ್ಜ ಅಜ್ಜಿ ಜೊತೆಗಿದ್ದರೆ ಅವರೂ ಬರೆಯಲಿ. ‘ಫುಟ್‌ಬಾಲ್ ಸ್ಟೇಡಿಯಂ ಒಳಗೆ ಹೋಗಬೇಕು’, ‘ಹಿಮ ಮುಟ್ಟಬೇಕು’, ‘ಮೂರಕ್ಕಿಂತ ಹೆಚ್ಚು ಚರ್ಚ್ ಬೇಡ’ ಎಂಬಂಥ ಸಾಲುಗಳು ದೇಶದ ಹೆಸರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಪ್ರತಿ ಮಗುವಿಗೂ ಒಂದು ಇಡೀ ದಿನ ಬಿಟ್ಟುಕೊಡಲು ಆಗುವ ಜಾಗವನ್ನೇ ಆರಿಸಿ, ಮತ್ತು ಕೊಟ್ಟ ದಿನವನ್ನು ವಾಪಸು ಕೇಳಬೇಡಿ.

ಒಂದು ಸೋಸುವ ಜರಡಿ ನಮ್ಮ ಊರಿನದೇ. ಮಲ್ಪೆ, ಪಣಂಬೂರಿನ ಮರಳಲ್ಲಿ ಆಡಿ ಬೆಳೆದ ಮಕ್ಕಳಿಗೆ ತೆಂಗು ಮತ್ತು ಕಡಲು ಇರುವ ಇನ್ನೊಂದು ಊರು ವಿಶೇಷ ಅನಿಸುವುದಿಲ್ಲ. ಇಲ್ಲಿ ಸಿಗದ್ದನ್ನು ಹುಡುಕಿ: ಹಿಮನದಿ, ಮರುಭೂಮಿ, ಜ್ವಾಲಾಮುಖಿ, ನೆಲದಡಿಯ ರೈಲಿನ ಮಹಾನಗರ. ಪರಿಚಿತವಾದದ್ದರ ದೊಡ್ಡ ರೂಪವೂ ಮಕ್ಕಳನ್ನು ಹಿಡಿಯುತ್ತದೆ. ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನೋಡಿದವರಿಗೆ ಐಸ್‌ಲೆಂಡಿನ ರೇನಿಸ್‌ಫ್ಯಾರಾ ಕಡಲತೀರದ ಕಂಬಗಲ್ಲು ಎದುರಾದಾಗ ಲಾವಾ ತಣಿಯುವ ಪಾಠ ಬೇರೆ ಹೇಳಬೇಕಿಲ್ಲ.

ಬರೆದುಕೊಟ್ಟ ಆಸೆಯನ್ನು ಇಲ್ಲೇ ಒಮ್ಮೆ ಪರೀಕ್ಷಿಸಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಸ್ಕೂಬಾ ಬೇಕೆಂದರೆ ಮೊದಲು ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಒಂದು ಸಲ ಮುಳುಗಿಸಿ. ದೋಣಿಯಲ್ಲಿ ವಾಂತಿಯೋ, ಕಿವಿನೋವೋ ಎಂದು ಅಲ್ಲೇ ಗೊತ್ತಾಗಲಿ. ನಡಿಗೆಯ ಪ್ರವಾಸವಾದರೆ ಬೆಳ್ತಂಗಡಿಯ ಗಡಾಯಿಕಲ್ಲು ಹತ್ತಿಸಿ. ಯುರೋಪಿನ ಊರುಗಳಲ್ಲಿ ದಿನಕ್ಕೆ 12–15 ಕಿಲೋಮೀಟರ್ ನಡಿಗೆ ಮಾಮೂಲು.

ಹಣ: 12, 16, 18ರ ಗೆರೆಗಳು

‘ಮಕ್ಕಳಲ್ಲವೇ’ ಎಂದುಕೊಂಡರೆ ಬಜೆಟ್ ತಪ್ಪುತ್ತದೆ. ವಿಮಾನದಲ್ಲಿ 12 ತುಂಬಿದವರಿಗೆ ಪೂರ್ತಿ ದರ. ಜಪಾನಿನ ರೈಲಿನಲ್ಲಿ ಅರ್ಧ ಟಿಕೆಟ್ ಆರರಿಂದ ಹನ್ನೊಂದರವರಿಗೆ ಮಾತ್ರ. ಯುರೋಪಿನ ಬಹುತೇಕ ದೇಶಗಳಿಗೆ ಸೇರಿ ಒಂದೇ ಆದ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಅರ್ಧ ಶುಲ್ಕ ಆರರಿಂದ ಹನ್ನೆರಡರ ಒಳಗಿನವರಿಗಷ್ಟೇ. ನಾಲ್ವರಿಗೆ 360 ಯೂರೋ, ಸೇವಾ ಶುಲ್ಕ ಬೇರೆ. ಕೆಲವು ಗೆರೆಗಳು ನಿಮ್ಮ ಪರವಾಗಿಯೂ ಇವೆ. ಸ್ವಿಸ್ ಟ್ರಾವೆಲ್ ಪಾಸ್ ಇರುವ ತಂದೆ ಅಥವಾ ತಾಯಿಯ ಜೊತೆ 16 ತುಂಬದ ಮಕ್ಕಳು ಫ್ಯಾಮಿಲಿ ಕಾರ್ಡಿನಲ್ಲಿ ಉಚಿತವಾಗಿ ಓಡಾಡಬಹುದು. ಪ್ಯಾರಿಸಿನ ಲೂವ್ರ್ 18 ತುಂಬದವರಿಗೆ ಉಚಿತ. ಲಂಡನ್ನಿನ ಸೈನ್ಸ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗಳ ಸಾಮಾನ್ಯ ಪ್ರವೇಶ ಎಲ್ಲರಿಗೂ ಉಚಿತ. ಹುಟ್ಟುಹಬ್ಬ ಪ್ರವಾಸದ ಮೊದಲು ಬರುತ್ತದೋ ನಂತರವೋ ನೋಡಿಕೊಳ್ಳಿ.

ದೊಡ್ಡ ಮಕ್ಕಳಾದ ಮೇಲೆ ಹೋಟೆಲಿನ ಖರ್ಚೂ ದ್ವಿಗುಣ. ಯುರೋಪ್, ಜಪಾನಿನ ಬಹಳಷ್ಟು ಕೋಣೆಗಳಲ್ಲಿ ಇಬ್ಬರಿಗಷ್ಟೇ ಜಾಗ. ಎರಡು ಕೋಣೆ ಅಥವಾ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಲೆಕ್ಕ ಹಾಕಿ; ಬುಕ್ ಮಾಡುವಾಗ ಮಕ್ಕಳ ನಿಜ ವಯಸ್ಸನ್ನೇ ಹಾಕಿ. ಟೂರ್ ಪ್ಯಾಕೇಜಿನ ಮೇಲೆ ಹಿಡಿಯುವ ಟಿಸಿಎಸ್ (ಮಾರುವವರೇ ಸಂಗ್ರಹಿಸುವ ತೆರಿಗೆ) ಹೆಚ್ಚುವರಿ ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಆ ಹಣ ಈಗ ಕೈಯಲ್ಲಿರಬೇಕು.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಊಟದ ಚಿಂತೆಯನ್ನೂ ಅರ್ಧ ಕಳೆಯುತ್ತದೆ. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು, ಬೆಳ್ತಿಗೆ ಅಕ್ಕಿ ಮತ್ತು ಅವಲಕ್ಕಿ ಒಯ್ಯಿರಿ. ಜಪಾನಿನಲ್ಲಿ ಸಾರಿನ ಬುಡವೇ ದಾಶಿ, ಅಂದರೆ ಹೆಚ್ಚಾಗಿ ಒಣಮೀನಿನ ರಸ. ಬಂಗುಡೆ ತಿನ್ನುವ ಮನೆಗೆ ಅದು ಹಬ್ಬ, ಶುದ್ಧ ಸಸ್ಯಾಹಾರಿಗಳಿಗೆ ದಿನಾ ಹುಡುಕಾಟ. ಆಸ್ಟ್ರೇಲಿಯಾಕ್ಕೆ ಉಪ್ಪಿನಕಾಯಿ, ಹಪ್ಪಳ, ಬೀಜ ಏನೇ ಒಯ್ದರೂ ಬರುವ ಪ್ರಯಾಣಿಕರ ಕಾರ್ಡಿನಲ್ಲಿ ಬರೆಯಿರಿ. ಬರೆದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಮುಚ್ಚಿಟ್ಟರೆ ದಂಡ.

ಬಾಗಿಲಿನಿಂದ ಬಾಗಿಲಿಗೆ

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಕೊಲ್ಲಿ ದೇಶಗಳಿಗೆ ನೇರ ವಿಮಾನ ಇದೆ. ಯುರೋಪ್, ಜಪಾನ್, ಆಸ್ಟ್ರೇಲಿಯಾಕ್ಕೆ ಇಲ್ಲ. ಆದ್ದರಿಂದ ಜಾಗಗಳನ್ನು ಹೋಲಿಸುವಾಗ ವಿಮಾನದ ಗಂಟೆ ನೋಡಬೇಡಿ, ಮನೆಯಿಂದ ಅಲ್ಲಿನ ಕೋಣೆಯ ತನಕದ ಗಂಟೆ ಬರೆಯಿರಿ. ಬೆಂಗಳೂರಿನಿಂದ ಲಂಡನ್ನಿಗೆ ಹತ್ತೂವರೆ ಗಂಟೆಯ ಹಾರಾಟ ಇರಬಹುದು, ಆದರೆ ಉಡುಪಿಯ ಮನೆಯಿಂದ ಲೆಕ್ಕ ಹಾಕಿದರೆ ಇಪ್ಪತ್ತನಾಲ್ಕು ಗಂಟೆ ಸುಲಭವಾಗಿ ದಾಟುತ್ತದೆ.

ಹೆಚ್ಚು ಎಡವುವುದು ಇಲ್ಲೇ. ಮಂಗಳೂರು–ಬೆಂಗಳೂರು ಟಿಕೆಟನ್ನು ಬೇರೆಯಾಗಿ ಅಗ್ಗಕ್ಕೆ ಕೊಂಡರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಲ್ಲ. ಜೊತೆಗೆ ದೇಶದೊಳಗಿನ ಟಿಕೆಟಿನಲ್ಲಿ ಸಾಮಾನ್ಯವಾಗಿ 15 ಕಿಲೋ ಬ್ಯಾಗ್ ಮಾತ್ರ. ಇಡೀ ದಾರಿ ಒಂದೇ ಪಿಎನ್ಆರ್‌ನಲ್ಲಿರಲಿ, ಇಲ್ಲವೇ ಹಿಂದಿನ ದಿನವೇ ಬೆಂಗಳೂರು ತಲುಪಿ ದೇವನಹಳ್ಳಿ ಹತ್ತಿರ ಮಲಗಿ. ದುಬೈಯಲ್ಲೂ ಹಾಗೆಯೇ: ಎರಡು ಬೇರೆ ಟಿಕೆಟಾದರೆ ಬ್ಯಾಗ್ ತೆಗೆದುಕೊಳ್ಳಲು ಹೊರಗೆ ಬರಬೇಕಾಗುತ್ತದೆ, ಹೊರಬರಲು ಯುಎಇ ವೀಸಾ ಬೇಕು.

ತಂದೆ ಕೊಲ್ಲಿಯಲ್ಲಿ ಕೆಲಸದಲ್ಲಿರುವ ಮನೆಗಳಿಗೆ ಇನ್ನೊಂದು ಮಾತು. ಅವರು ತಾವು ವಾಸವಿರುವ ದೇಶದಿಂದ, ತಾಯಿ–ಮಕ್ಕಳು ಭಾರತದಿಂದ ಷೆಂಗೆನ್‌ಗೆ ಅರ್ಜಿ ಹಾಕಬೇಕು. ಮಕ್ಕಳ ಅರ್ಜಿಗೆ ತಂದೆಯ ಒಪ್ಪಿಗೆ ಪತ್ರ ಬೇಕಾಗುತ್ತದೆ. ದೃಢೀಕರಿಸಿದ ಪ್ರತಿ ಅಲ್ಲಿಂದ ಬರಲು ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿ.

ಎಲ್ಲಕ್ಕಿಂತ ಮೊದಲು ತೆರೆದು ನೋಡಬೇಕಾದ್ದು ಮಕ್ಕಳ ಪಾಸ್‌ಪೋರ್ಟ್. ಅದರ ಅವಧಿ ಐದು ವರ್ಷ ಅಥವಾ 18 ತುಂಬುವ ತನಕ, ಯಾವುದು ಮೊದಲೋ ಅದು. 15 ದಾಟಿದವರು ಹತ್ತು ವರ್ಷದ್ದನ್ನು ಕೇಳಬಹುದು. ಹೆತ್ತವರದ್ದು ಸರಿಯಿದ್ದು ಮಗುವಿನದ್ದು ಮುಗಿದಿರುವುದು ಬಹಳ ಸಾಮಾನ್ಯ. ಹಿಂತಿರುಗಿದ ಮೇಲೂ ಆರು ತಿಂಗಳು ಉಳಿದಿರಲಿ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. 12 ತುಂಬಿದವರು ಬೆರಳಚ್ಚು ಕೊಡಲು ಖುದ್ದಾಗಿ ಹೋಗಬೇಕು. ಏಪ್ರಿಲ್ ಕೊನೆಯ ಪ್ರಯಾಣವಾದರೆ ಜನವರಿಯಲ್ಲೇ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳಿ, ಪೂರ್ವಸಿದ್ಧತಾ ಪರೀಕ್ಷೆಯ ದಿನ ಬಿಟ್ಟು. ಕೀನ್ಯಾ ಆರಿಸಿದರೆ ಮರಳುವಾಗ ಭಾರತದಲ್ಲಿ ಹಳದಿ ಜ್ವರದ ಲಸಿಕೆ ಪತ್ರ ಕೇಳುತ್ತಾರೆ. ಅದು ಊರ್ಜಿತವಾಗುವುದು ಲಸಿಕೆ ಹಾಕಿಸಿದ ಹತ್ತು ದಿನದ ಮೇಲೆ. ಇಲ್ಲದಿದ್ದರೆ ಆರು ದಿನದ ತನಕ ಪ್ರತ್ಯೇಕವಾಗಿ ಇರಿಸಬಹುದು.

ಕೊನೆಗೆ ಎರಡು ಹೆಸರು ಉಳಿದಾಗ ಒಂದು ಪರೀಕ್ಷೆ ಮಾಡಿ. ಪ್ರವಾಸದ ಐದನೆಯ ದಿನ, ಹೊರಗೆ ಮಳೆ, ಒಬ್ಬರಿಗೆ ಮೈ ಸರಿ ಇಲ್ಲ ಎಂದುಕೊಂಡು ಎರಡೂ ಊರುಗಳಲ್ಲಿ ಆ ದಿನದ ಯೋಜನೆಯನ್ನು ಮಕ್ಕಳಿಂದಲೇ ಬರೆಸಿ. ಯಾವ ಊರಿನ ಪುಟ ತುಂಬುತ್ತದೋ ಅದನ್ನು ಆರಿಸಿ. ಮರಳುವ ದಿನವನ್ನು ಮಾತ್ರ ಶಾಲೆ ತೆರೆಯುವುದಕ್ಕಿಂತ ನಾಲ್ಕು ದಿನ ಮೊದಲೇ ಇಡಿ. ಮೇ ಕೊನೆಗೆ ಮಳೆ ಬೇಗ ಹಿಡಿದರೆ ಬೆಂಗಳೂರಿನಿಂದ ಊರಿಗೆ ಬರುವ ಶಿರಾಡಿ ಘಾಟಿಯ ದಾರಿಗೇ ಒಂದು ದಿನ ಹೆಚ್ಚು ಬೇಕಾದೀತು.