ಸೂಕ್ಷ್ಮ ಕಣಗಳನ್ನು ಎಣಿಸುವ ಉಪಕರಣ: ನನ್ನ ಅನುಭವ

ಗಾಳಿಯಲ್ಲಿ ತೇಲುವ ಕಣಗಳನ್ನು ಒಂದೊಂದಾಗಿ ಎಣಿಸುವ ಉಪಕರಣವನ್ನು ರೂಪಿಸಲು ಹೊರಟಾಗ, ಲೇಸರ್ ಎಷ್ಟು ಪ್ರಖರವೋ ಅಷ್ಟು ಸಣ್ಣ ಕಣವೂ ಕಾಣಿಸುತ್ತದೆ ಎಂದೇ ನಾನು ನಂಬಿದ್ದೆ. ಮೊದಲ ಮಾದರಿಯ ವಿನ್ಯಾಸ ಸರಳವಾಗಿತ್ತು: ಚಿಕ್ಕ ಪಂಪು ಗಾಳಿಯನ್ನು ಕಿರಿದಾದ ಮೂತಿಯ ಮೂಲಕ ಎಳೆದು ಲೇಸರ್ ಕಿರಣಕ್ಕೆ ಅಡ್ಡಲಾಗಿ ಹಾಯಿಸುತ್ತದೆ; ಕಿರಣವನ್ನು ದಾಟುವ ಪ್ರತಿ ಕಣವೂ ಕ್ಷಣಮಾತ್ರ ಬೆಳಕನ್ನು ಸುತ್ತಲೂ ಚದುರಿಸುತ್ತದೆ; ಪಕ್ಕದಲ್ಲಿರುವ ಮಸೂರವು ಆ ಬೆಳಕನ್ನು, ಬೆಳಕಿಗೆ ತಕ್ಕ ವಿದ್ಯುತ್ತನ್ನು ಹುಟ್ಟಿಸುವ ಫೋಟೋಡಯೋಡಿನ ಮೇಲೆ ಕೂಡಿಸುತ್ತದೆ. ಹೀಗೆ ಹುಟ್ಟುವ ಪಲ್ಸ್‌ಗಳ (ಕ್ಷಣಿಕ ವಿದ್ಯುತ್ ಮಿಡಿತಗಳ) ಸಂಖ್ಯೆಯಿಂದ ಕಣಗಳ ಎಣಿಕೆಯೂ ಪಲ್ಸ್‌ನ ಎತ್ತರದಿಂದ ಗಾತ್ರದ ಅಂದಾಜೂ ದೊರೆಯುತ್ತವೆ.

ದೊಡ್ಡ ಧೂಳಿನ ಪಲ್ಸ್‌ಗಳು, ವಿದ್ಯುತ್ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನಲ್ಲಿ ಸ್ಪಷ್ಟವಾಗಿಯೇ ಕಂಡವು. ಅರ್ಧ ಮೈಕ್ರೋಮೀಟರಿಗಿಂತ ಸಣ್ಣವು ಮಾತ್ರ ಗದ್ದಲದಲ್ಲಿ, ಅಂದರೆ ಕಣಗಳಿಲ್ಲದಿದ್ದರೂ ಇರುವ ಅಡ್ಡಾದಿಡ್ಡಿ ವಿದ್ಯುತ್ ಏರಿಳಿತದಲ್ಲಿ, ಮುಳುಗಿಹೋಗಿದ್ದವು. ಲೇಸರಿನ ಶಕ್ತಿಯನ್ನು ಇಮ್ಮಡಿ ಮಾಡಿದೆ. ಹಿನ್ನೆಲೆಯ ಬೆಳಕೂ ಇಮ್ಮಡಿಯಾಯಿತು, ಗದ್ದಲವೂ ಏರಿತು. ಬೆಳಕಿನ ತರಂಗಾಂತರಕ್ಕಿಂತ ಬಹಳ ಚಿಕ್ಕದಾದ ಕಣವು ಚದುರಿಸುವ ಬೆಳಕು ಅದರ ವ್ಯಾಸದ ಆರನೆಯ ಘಾತವನ್ನು ಅನುಸರಿಸುತ್ತದೆ, ಅಂದರೆ ವ್ಯಾಸ ಅರ್ಧಕ್ಕೆ ಇಳಿದರೆ ಬೆಳಕು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಂಥ ಕುಸಿತವನ್ನು ಲೇಸರ್ ಹೆಚ್ಚಿಸಿ ತುಂಬಿಕೊಡಲಾಗದು. ನಾನು ಮಾಡಬೇಕಾಗಿದ್ದದ್ದು ಉಪಕರಣದ ಒಳಕೋಣೆಯೊಳಗೆ ನಿಜವಾದ ಕತ್ತಲೆಯನ್ನು ತರುವುದು.

ಕಿರಣವು ಕೆಲಸ ಮುಗಿಸಿ ಎದುರಿನ ಗೋಡೆಗೆ ಬಡಿಯುವ ಜಾಗವೇ ಮುಖ್ಯ ಅಪರಾಧಿ. ಕಪ್ಪು ಬಣ್ಣ ಬಳಿದರೂ ಅಲ್ಲೊಂದು ಕೆಂಪು ಚುಕ್ಕೆ ಹೊಳೆಯುತ್ತಲೇ ಇತ್ತು. ಕೊನೆಗೆ ಕ್ಷೌರದ ಬ್ಲೇಡುಗಳನ್ನು ಒತ್ತೊತ್ತಾಗಿ ಜೋಡಿಸಿ, ಅವುಗಳ ಅಂಚುಗಳು ಕಿರಣದ ಕಡೆ ಮುಖ ಮಾಡುವಂತೆ ಕೂರಿಸಿದೆ. ಹೊಳೆಯುವ ಉಕ್ಕೇ ಆದರೂ, ಎರಡು ಅಂಚುಗಳ ನಡುವಿನ ಇಕ್ಕಟ್ಟಿಗೆ ನುಗ್ಗಿದ ಬೆಳಕು ಪುಟಿಪುಟಿದು ಒಳಕ್ಕೇ ಹೋಗಿ ಅಲ್ಲಿಯೇ ಕರಗುತ್ತದೆ. ಎದುರಿನಿಂದ ನೋಡಿದರೆ ಆ ಕಟ್ಟು ಮಖಮಲ್ಲಿನಂತೆ ಕಪ್ಪಾಗಿ ಕಾಣುತ್ತದೆ. ಅದೇ ದಿನ 0.3 ಮೈಕ್ರೋಮೀಟರಿನ ಕಣಗಳು ಗದ್ದಲದಿಂದ ಮೇಲೆದ್ದವು.

ಒಳಬರುವ ಗಾಳಿಗೆ, ಸೂಕ್ಷ್ಮ ಕಣಗಳನ್ನೂ ತಡೆಯುವ ಹೆಪಾ ಫಿಲ್ಟರ್ ಕಟ್ಟಿದರೆ ಎಣಿಕೆ ಸೊನ್ನೆಗೆ ಇಳಿಯಬೇಕು. ನನ್ನದು ಇಳಿಯಲಿಲ್ಲ. ಪಂಪು ಎಳೆಯುವುದರಿಂದ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆಯಿದ್ದು, ನಾಳದ ಒಂದು ಸಡಿಲ ಕೀಲಿನಿಂದ ಹೊರಗಿನ ಗಾಳಿ ನುಸುಳುತ್ತಿತ್ತು. ಈ ಸೊನ್ನೆ ಪರೀಕ್ಷೆಯಿಲ್ಲದೆ ಯಾವ ಎಣಿಕೆಯನ್ನೂ ನಾನೀಗ ನಂಬುವುದಿಲ್ಲ.

ಗಾತ್ರದ ಅಳತೆಯನ್ನು ಹೊಂದಿಸಲು, ಗಾತ್ರ ಮೊದಲೇ ಗೊತ್ತಿರುವ ಪಾಲಿಸ್ಟೈರೀನ್ ಲ್ಯಾಟೆಕ್ಸ್ (ಒಂದು ಬಗೆಯ ಪ್ಲಾಸ್ಟಿಕ್) ಗೋಳಗಳನ್ನು ಬಳಸಿದೆ. ಅವುಗಳ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಗುಣದ ಅಳತೆ, ಸುಮಾರು 1.59. ಆದರೆ ಹೊಗೆಮಸಿಯ ಕಣ ಬೆಳಕನ್ನು ಹೀರುವುದರಿಂದ ತನ್ನ ನಿಜ ಗಾತ್ರಕ್ಕಿಂತ ಚಿಕ್ಕದಾಗಿ ತೋರಬಲ್ಲುದು. ಉಪಕರಣ ಹೇಳುವುದು ‘ಲ್ಯಾಟೆಕ್ಸಿಗೆ ಸಮನಾದ ಗಾತ್ರ’ವನ್ನಷ್ಟೇ ಎಂಬ ಮಾತನ್ನು ಪ್ರತಿ ಕೈಪಿಡಿಯಲ್ಲೂ ದಪ್ಪಕ್ಷರಗಳಲ್ಲಿ ಮುದ್ರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ದಟ್ಟ ಹೊಗೆಯಲ್ಲಿ ಇನ್ನೊಂದು ತೊಡಕಿದೆ: ಎರಡು ಕಣಗಳು ಒಟ್ಟಿಗೆ ಕಿರಣವನ್ನು ಹೊಕ್ಕರೆ ಒಂದೇ ದೊಡ್ಡ ಕಣವಾಗಿ ಎಣಿಕೆಗೆ ಸೇರುತ್ತವೆ. ಶುದ್ಧ ಗಾಳಿ ಬೆರೆಸಿ ತೆಳುಗೊಳಿಸುವುದೇ ಇದಕ್ಕೆ ಪರಿಹಾರ.

ದ್ರವದಲ್ಲಿನ ಕಣಗಳನ್ನು ಎಣಿಸಲು ಹೊರಟಾಗ ಬೆಳಕಿನ ದಾರಿಯನ್ನೇ ಬಿಟ್ಟೆ. ನೀರಿನ ವಕ್ರೀಭವನ ಸೂಚ್ಯಂಕ 1.33 ಆಗಿದ್ದು ಕಣಕ್ಕೂ ಅದಕ್ಕೂ ಅಂತರ ಕಡಿಮೆ, ಆದ್ದರಿಂದ ಚದುರುವ ಬೆಳಕೂ ಕಡಿಮೆ. ಅಮೆರಿಕದ ಸಂಶೋಧಕ ವ್ಯಾಲೇಸ್ ಕೋಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ತತ್ವವನ್ನು ಹಿಡಿದೆ: ಉಪ್ಪುನೀರು ತುಂಬಿ ವಿದ್ಯುತ್ ಹರಿಯುತ್ತಿರುವ ಸಣ್ಣ ರಂಧ್ರವನ್ನು ಕಣವು ಹಾಯುವಾಗ ಅದು ತನ್ನ ಘನಗಾತ್ರದಷ್ಟು ದ್ರವವನ್ನು ಪಕ್ಕಕ್ಕೆ ಸರಿಸಿ ವಿದ್ಯುತ್ ರೋಧವನ್ನು ಏರಿಸುತ್ತದೆ. ಕಣದ ಬಣ್ಣ, ಹೊಳಪುಗಳ ಗೊಡವೆಯೇ ಇಲ್ಲ. ನನ್ನ 100 ಮೈಕ್ರೋಮೀಟರ್ ರಂಧ್ರದಲ್ಲಿ 2 ಮೈಕ್ರೋಮೀಟರಿನವರೆಗೆ ಪಲ್ಸ್‌ಗಳು ಸಿಕ್ಕವು. ಗಾಳಿಗುಳ್ಳೆಗಳೂ ಕಣಗಳಂತೆಯೇ ಎಣಿಕೆಗೆ ಬಂದು ಬಹಳ ದಿನ ದಾರಿ ತಪ್ಪಿಸಿದವು. ಈಗ ಪ್ರತಿ ಮಾದರಿಯನ್ನೂ ಮೊದಲು ನಿರ್ವಾತದಲ್ಲಿಟ್ಟು ಗುಳ್ಳೆ ಬಿಡಿಸಿ, ಅದೇ ಉಪ್ಪುನೀರನ್ನು ಕಣಗಳಿಲ್ಲದೆ ಒಮ್ಮೆ ಹಾಯಿಸಿ, ಆ ಎಣಿಕೆಯನ್ನು ಕಳೆದ ನಂತರವೇ ಫಲಿತಾಂಶವನ್ನು ಬರೆದಿಡುತ್ತೇನೆ.