ಆದೇಶ ಕೈಗೆ ಬಂದರೆ ಸಾಲದು: ಅಸಹಾಯಕರನ್ನು ಕಾಯುವ ಸರ್ಕಾರಿ ತಂಡವನ್ನು ಮುನ್ನಡೆಸುವುದು ಹೇಗೆ?

ಉಪವಿಭಾಗಾಧಿಕಾರಿ ಕಚೇರಿಯೊಂದರ ಪಡಸಾಲೆಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯ ಕಾಗದವೊಂದನ್ನು ನನ್ನ ಕೈಗಿಟ್ಟರು. ಮಗ ಪ್ರತಿ ತಿಂಗಳು ಜೀವನಾಂಶ ಕೊಡಬೇಕೆಂದು, ಉಪವಿಭಾಗಾಧಿಕಾರಿಯ ನೇತೃತ್ವದ ಹಿರಿಯ ನಾಗರಿಕರ ನ್ಯಾಯಮಂಡಳಿ ಹೊರಡಿಸಿದ ಆದೇಶ ಅದು. ಏಳು ತಿಂಗಳ ಹಿಂದಿನದು. "ಆದೇಶ ಬಂದಿದೆ ಸ್ವಾಮಿ, ದುಡ್ಡು ಬಂದಿಲ್ಲ" ಎಂದರು. ಹಿರಿಯ ನಾಗರಿಕರ ರಕ್ಷಣೆಗೆ ನೀತಿ ರೂಪಿಸುವ ತಂಡದಲ್ಲಿ ನಾನಾಗ ಹೊಸಬ. ನನ್ನ ಕೈಚೀಲದಲ್ಲಿ ನಲವತ್ತು ಪುಟಗಳ ಕರಡು ಇತ್ತು. ಆ ಆದೇಶವನ್ನು ಜಾರಿಗೆ ತರುವುದು ಹೇಗೆ ಎಂಬುದರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ವೃದ್ಧರು, ವಿಕಲಚೇತನರು, ಮಾನಸಿಕ ಕಾಯಿಲೆಯಿಂದ ಬಳಲುವವರು, ಹೀಗೆ ವಯಸ್ಕರಾಗಿದ್ದೂ ತಮ್ಮನ್ನು ತಾವು ಕಾಪಾಡಿಕೊಳ್ಳಲಾಗದವರಿಗಾಗಿ ನಿಯಮ, ಸುತ್ತೋಲೆ, ಯೋಜನೆಗಳನ್ನು ಸಿದ್ಧಪಡಿಸುವ ಹೊಣೆ ನಮ್ಮ ರಾಜ್ಯದಲ್ಲಿ ಮುಖ್ಯವಾಗಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು. ಇಂಥ ತಂಡದ ಮುಖ್ಯಸ್ಥರಾಗಿ ಬಂದ ಅಧಿಕಾರಿಗೆ ಮೊದಲ ದಿನ ಯಾರೂ ಹೇಳಿಕೊಡದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಹಿರಿಯರಿರುವ ಓದುಗರಿಗೂ ಯಾವ ಕಚೇರಿಯಲ್ಲಿ ಏನು ಕೇಳಬೇಕೆಂಬುದು ಇದರಿಂದ ತಿಳಿಯುತ್ತದೆ.

ಮೊದಲು: ಯಾರಿಗೆ ಯಾವ ಬಾಗಿಲು?

ಇಂಗ್ಲೆಂಡಿನಲ್ಲಿ 2014ರ ಆರೈಕೆ ಕಾಯ್ದೆಯ 42ನೇ ಸೆಕ್ಷನ್ ಇದೆ. ಆರೈಕೆಯ ಅಗತ್ಯವಿರುವ ವಯಸ್ಕರು ದೌರ್ಜನ್ಯಕ್ಕೋ ನಿರ್ಲಕ್ಷ್ಯಕ್ಕೋ ಒಳಗಾಗಿ, ತಮ್ಮನ್ನು ತಾವು ಕಾಪಾಡಿಕೊಳ್ಳಲಾಗದೆ ಇದ್ದಾರೆಂಬ ಅನುಮಾನ ಬಂದರೆ ಸ್ಥಳೀಯ ಆಡಳಿತ ವಿಚಾರಿಸಲೇಬೇಕು. ನಮ್ಮಲ್ಲಿ ಹಾಗೆ ಒಂದೇ ಬಾಗಿಲಿಲ್ಲ. ಹಿರಿಯರಿಗೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆ, ವಿಕಲಚೇತನರಿಗೆ 2016ರ ಹಕ್ಕುಗಳ ಕಾಯ್ದೆ, ಮಾನಸಿಕ ಕಾಯಿಲೆ ಇರುವವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಒಂದೊಂದಕ್ಕೆ ಒಂದೊಂದು ಕಚೇರಿ. ಆದ್ದರಿಂದ ಮೊದಲ ವಾರವೇ ತಂಡವನ್ನು ಕೂರಿಸಿಕೊಂಡು ಒಂದೇ ಹಾಳೆಯ ನಕ್ಷೆ ಬರೆಯಿರಿ: ಎಡಕ್ಕೆ ಸಂಕಟದಲ್ಲಿರುವ ವ್ಯಕ್ತಿ, ಬಲಕ್ಕೆ ಅವರ ಮಾತು ಕೇಳಲೇಬೇಕಾದ ಅಧಿಕಾರಿ.

ನಕ್ಷೆ ಸರಿಯಾಗಿದೆಯೇ ಎಂದು ನೋಡಲು ಸುಲಭದ ಉದಾಹರಣೆ ಬೇಡ, ಕಷ್ಟದ್ದನ್ನೇ ತೆಗೆದುಕೊಳ್ಳಿ. ಅಣ್ಣನ ಮನೆಯಲ್ಲಿರುವ, ಮದುವೆಯಾಗದ, ಕಣ್ಣು ಕಾಣದ, 58 ವರ್ಷದ ಹೆಂಗಸು. ಹೊತ್ತಿಗೆ ಊಟವಿಲ್ಲ, ಬರುವ ಮಾಸಾಶನವನ್ನು ಬೇರೆಯವರು ಎತ್ತಿಕೊಳ್ಳುತ್ತಾರೆ. 60 ತುಂಬಿಲ್ಲವಾದ್ದರಿಂದ 2007ರ ಕಾಯ್ದೆಯ ಲೆಕ್ಕದಲ್ಲಿ ಆಕೆ ಹಿರಿಯ ನಾಗರಿಕಳಲ್ಲ. ಮಕ್ಕಳಿದ್ದಿದ್ದರೆ 60 ತುಂಬದಿದ್ದರೂ ತಾಯಿಯೆಂಬ ನೆಲೆಯಲ್ಲಿ ಅರ್ಜಿ ಹಾಕಬಹುದಿತ್ತು, ಮಕ್ಕಳೂ ಇಲ್ಲ. ಹಾಗೆಂದು ಬಾಗಿಲು ಮುಚ್ಚಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ದೌರ್ಜನ್ಯದ ವಿಷಯವನ್ನು ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ತಹಶೀಲ್ದಾರರೇ ಆ ಮ್ಯಾಜಿಸ್ಟ್ರೇಟರು. ದೌರ್ಜನ್ಯವನ್ನು ತಡೆಯುವ, ಆಕೆಗೆ ರಕ್ಷಣೆ ಒದಗಿಸುವ ಆದೇಶವನ್ನು ಅವರು ಹೊರಡಿಸಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯೂ ಒಂದೇ ಮನೆಯಲ್ಲಿ ಬಾಳುವ ತಂಗಿಯನ್ನು ಕಾಯುತ್ತದೆ. ಜಿಲ್ಲೆಯೊಂದಕ್ಕೆ ಹೋದಾಗ ನಿಮ್ಮ ಹಾಳೆಯನ್ನು ತಾಲ್ಲೂಕು ಕಚೇರಿಯ ಮೇಜಿನ ಮೇಲಿಟ್ಟು, ಈ ಹೆಂಗಸು ಬಂದರೆ ಏನು ಮಾಡುತ್ತೀರಿ ಎಂದು ಕೇಳಿ. ಸಿಗುವ ಉತ್ತರದಲ್ಲೇ ನಿಮ್ಮ ಮುಂದಿನ ಆರು ತಿಂಗಳ ಕೆಲಸವಿದೆ.

ಹಳೆಯ ಕಡತಗಳನ್ನು ಕೊನೆಯ ಪುಟದಿಂದ ಓದಿ

ಹೊಸ ಯೋಜನೆ ಬರೆಯುವ ಆಸೆಯನ್ನು ಸ್ವಲ್ಪ ಕಾಲ ಬದಿಗಿಡಿ. ಬೇರೆ ಬೇರೆ ಉಪವಿಭಾಗಗಳಿಂದ ವಿಲೇವಾರಿಯಾದ ಐವತ್ತು ಕಡತಗಳನ್ನು ತರಿಸಿಕೊಳ್ಳಿ. ವಿಲೇವಾರಿ ಎಂಬ ಪದವನ್ನು ನಂಬಬೇಡಿ. ಕೊನೆಯ ಪುಟದಲ್ಲಿ ಏನಿದೆ ನೋಡಿ. ಆದೇಶಕ್ಕೇ ಕಡತ ನಿಂತಿದೆಯೇ, ಹಣ ಸಂದಾಯವಾದ ದಾಖಲೆ ಇದೆಯೇ?

ನೋಟಿಸ್ ಜಾರಿಯಾದ ದಿನದಿಂದ 90 ದಿನಗಳೊಳಗೆ ಜೀವನಾಂಶದ ಅರ್ಜಿ ಇತ್ಯರ್ಥವಾಗಬೇಕು ಎನ್ನುತ್ತದೆ ಕಾಯ್ದೆ. ವಿಶೇಷ ಸಂದರ್ಭದಲ್ಲಿ ಕಾರಣ ಬರೆದಿಟ್ಟು ಒಮ್ಮೆ ಮಾತ್ರ 30 ದಿನ ಹೆಚ್ಚಿಸಬಹುದು. ನೋಟಿಸ್ ಜಾರಿಯಾಗುವುದೇ ತಡವಾದರೆ? ಅವಧಿ ಶುರುವಾಗುವುದೇ ಇಲ್ಲ. ಆದೇಶ ಬಂದ ಮೇಲೂ ಮಕ್ಕಳು ಹಣ ಕೊಡದಿದ್ದರೆ ನ್ಯಾಯಮಂಡಳಿ ವಸೂಲಿಗೆ ವಾರಂಟ್ ಹೊರಡಿಸಬಹುದು. ಆಮೇಲೂ ಬಾಕಿ ಉಳಿದರೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ಅಲ್ಲೊಂದು ಕಟ್ಟುಪಾಡಿದೆ: ಹಣ ಬಾಕಿಯಾದ ದಿನದಿಂದ ಮೂರು ತಿಂಗಳೊಳಗೆ ವಸೂಲಿಗೆ ಅರ್ಜಿ ಕೊಡಬೇಕು. ಕೊಡದಿದ್ದರೆ ಆ ಬಾಕಿಗೆ ವಾರಂಟ್ ಇಲ್ಲ. ಪಡಸಾಲೆಯ ಅಜ್ಜಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಮಗ ಇಂದಲ್ಲ ನಾಳೆ ಕೊಟ್ಟಾನೆಂದು ಕಾದ ಆ ತಾಯಿಯ ಮೊದಲ ಕೆಲವು ತಿಂಗಳ ಹಣ ಹಾಗೆಯೇ ಕೈಬಿಟ್ಟು ಹೋಗಿತ್ತು. ಆ ದಿನದ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಕಡತ ಓದಿದ ಮೇಲೆ ಆ ಮನುಷ್ಯರನ್ನು ನೋಡಲು ಹೋಗಿ. ಅವರೊಡನೆ ಒಬ್ಬರೇ ಮಾತಾಡಿ. ಅಪ್ಪನಿಗೆ ಕೇಳಿದ ಪ್ರಶ್ನೆಗೆ ಮಗ ಉತ್ತರಿಸುವುದನ್ನು, ಅತ್ತೆಯ ಅರ್ಜಿಯನ್ನು ಸೊಸೆ ಓದಿ ಹೇಳುವುದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ನಾನು ಮಾತಾಡಿಸಿದ ಹಿರಿಯರಲ್ಲಿ ಮಗ ಜೈಲಿಗೆ ಹೋಗಲಿ ಎಂದವರು ತೀರಾ ಕಡಿಮೆ. ಔಷಧಿಯ ಖರ್ಚು, ಮೊಮ್ಮಗುವನ್ನು ನೋಡುವ ಅವಕಾಶ, ತಮ್ಮದೇ ಮನೆಯ ಒಂದು ಕೋಣೆ, ಹೆಚ್ಚಿನವರು ಕೇಳಿದ್ದು ಇಷ್ಟೇ. ಅವರು ಕೇಳಿದ್ದನ್ನು ಬಿಟ್ಟು ನಮಗೆ ಸರಿಯೆನಿಸಿದ್ದನ್ನು ಕೊಟ್ಟು ಅದನ್ನು ರಕ್ಷಣೆಯೆಂದು ಕರೆಯುವುದು ನ್ಯಾಯವಲ್ಲ.

ತಂಡಕ್ಕೆ ಯಾರು ಬೇಕು?

ಕಡತ ಬರೆಯಬಲ್ಲವರು ಸಚಿವಾಲಯದಲ್ಲೇ ಸಿಗುತ್ತಾರೆ. ನಿಮಗೆ ಬೇಕಾದವರು ಇನ್ನೂ ನಾಲ್ಕು ಮಂದಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಒಬ್ಬರು. ಯಾವ ಮನೆಯ ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕ ಬೀಳುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ನೋಂದಣಿ ಕಚೇರಿಯಲ್ಲಿ ವರ್ಷಗಟ್ಟಲೆ ಕೂತು ದಾನಪತ್ರಗಳನ್ನು ಕಂಡ ಅಧಿಕಾರಿ ಒಬ್ಬರು. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಒಬ್ಬರು. ನಾಲ್ಕನೆಯವರು ಸ್ವತಃ ವಿಕಲಚೇತನರೋ ಹಿರಿಯರೋ ಆಗಿರಬೇಕು, ಅದೂ ಸಭೆಯ ಅಲಂಕಾರಕ್ಕಲ್ಲ, ಕರಡಿನ ಪ್ರತಿ ಸಾಲನ್ನು ತಿದ್ದುವುದಕ್ಕೆ.

ಸಹಾಯವಾಣಿಯಲ್ಲಿ ಕರೆ ಸ್ವೀಕರಿಸುವವರ ಅನುಭವವನ್ನೂ ಬಳಸಿಕೊಳ್ಳಿ. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಿಂದ ನಡೆಸಿಕೊಂಡು ಬಂದಿರುವ 1090 ಇದೆ. ಇಡೀ ದೇಶಕ್ಕೆ 14567 ಎಂಬ ಹಿರಿಯರ ಸಹಾಯವಾಣಿ ಇದೆ. ಮಾನಸಿಕ ಸಂಕಟಕ್ಕೆ 14416, ಟೆಲಿ ಮಾನಸ್. ತಿಂಗಳಿಗೊಮ್ಮೆ ನಿಮ್ಮ ತಂಡದ ಒಬ್ಬರು ಅಲ್ಲಿಗೆ ಹೋಗಿ ಅರ್ಧ ದಿನ ಕೂತು ಬರಲಿ.

ಕೈಯಲ್ಲಿರುವ ಅಧಿಕಾರ ಎಷ್ಟು?

ಬಹಳಷ್ಟು ತಂಡಗಳು ಸೊರಗುವುದು ಇಲ್ಲಿ. ಕಾಯ್ದೆ ತಿದ್ದುಪಡಿಯಾಗಲಿ ಎಂದು ಕಾಯುತ್ತ ವರ್ಷಗಳು ಉರುಳುತ್ತವೆ. 2007ರ ಕಾಯ್ದೆಯ ಪ್ರಕಾರ ರಾಜ್ಯಗಳು ನಿಗದಿಪಡಿಸುವ ಜೀವನಾಂಶದ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿಯನ್ನು ಮೀರುವಂತಿಲ್ಲ. ಈ ಮಿತಿಯನ್ನು ತೆಗೆಯುವ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು. ಅಂಗೀಕಾರವಾಗದೆ 2024ರಲ್ಲಿ ಆ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ಅಷ್ಟು ವರ್ಷ ಕೈಕಟ್ಟಿ ಕೂತ ತಂಡಕ್ಕೆ ಸಿಕ್ಕಿದ್ದೇನೂ ಇಲ್ಲ. ಸಂಸತ್ತು ಮಾಡಬೇಕಾದ್ದು ಒಂದು, ರಾಜ್ಯ ನಿಯಮದಲ್ಲಿ ಮಾಡಬಹುದಾದ್ದು ಇನ್ನೊಂದು. ಸುತ್ತೋಲೆಯಲ್ಲೇ ಮುಗಿಯುವ ಕೆಲಸಗಳಿವೆ, ಬರೀ ನಮೂನೆ ಬದಲಿಸಿದರೆ ಆಗುವಂಥವೂ ಇವೆ. ಇವನ್ನು ಬೇರೆ ಬೇರೆಯಾಗಿ ಪಟ್ಟಿ ಮಾಡಿ, ಸಣ್ಣದರಿಂದ ಕೆಲಸ ಶುರು ಮಾಡಿ.

ನಮೂನೆಯ ಶಕ್ತಿಗೆ ದಾನಪತ್ರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆಸ್ತಿಯನ್ನು ಮಕ್ಕಳ ಹೆಸರಿಗೆ ಬರೆದುಕೊಟ್ಟು ಬೀದಿಗೆ ಬಿದ್ದ ಹಿರಿಯರಿಗೆ ಕಾಯ್ದೆಯ 23ನೇ ಸೆಕ್ಷನ್ ಆಸರೆ. ಕಾಯ್ದೆ ಜಾರಿಗೆ ಬಂದ ಮೇಲೆ ಮಾಡಿದ ಪತ್ರವನ್ನು ನ್ಯಾಯಮಂಡಳಿ ಅನೂರ್ಜಿತವೆಂದು ಸಾರಬಹುದು. ಆದರೆ ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿರಬೇಕು. ಷರತ್ತು ಇತ್ತೆಂಬುದು ಸಾಬೀತಾಗದಿದ್ದರೆ ಈ ಸೆಕ್ಷನ್ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಇದು ಹಿರಿಯರ ಹಿತಕ್ಕಾಗಿ ಇರುವ ಕಾಯ್ದೆಯಾದ್ದರಿಂದ ಉದಾರವಾಗಿ ಅರ್ಥೈಸಬೇಕು, ಸ್ವಾಧೀನವನ್ನು ಮರಳಿಸುವ ಅಧಿಕಾರವೂ ನ್ಯಾಯಮಂಡಳಿಗಿದೆ ಎಂದಿತು. ಎರಡನ್ನೂ ಓದಿದ ತಂಡ ಮಾಡಬೇಕಾದ್ದು ಸ್ಪಷ್ಟ. ಉಪನೋಂದಣಾಧಿಕಾರಿಯ ಮುಂದೆ ಹಿರಿಯರು ಹೆಬ್ಬೆಟ್ಟು ಒತ್ತುವ ಮುನ್ನ, "ನಿಮ್ಮನ್ನು ನೋಡಿಕೊಳ್ಳುವ ಷರತ್ತು ಈ ಪತ್ರದಲ್ಲಿ ಇದೆಯೇ?" ಎಂಬ ಪ್ರಶ್ನೆಯನ್ನು ಅವರಿಗೇ ನೇರವಾಗಿ ಕೇಳುವಂತಾಗಬೇಕು. ನೋಂದಣಿ ಬರುವುದು ಕಂದಾಯ ಇಲಾಖೆಯಡಿ. ಆದ್ದರಿಂದ ಪತ್ರ ಬರೆದು ಸುಮ್ಮನಾಗಬೇಡಿ. ಎದ್ದು ಹೋಗಿ, ಎದುರು ಕೂತು, ಆ ಸಾಲನ್ನು ಒಟ್ಟಿಗೆ ಬರೆಯಿರಿ.

ಜೀವನಾಂಶದ ಆದೇಶದ ಪ್ರತಿಗೂ ಇದೇ ಉಪಾಯ ಸಲ್ಲುತ್ತದೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಇಷ್ಟು ಮುದ್ರಿಸಿದರೆ ಸಾಕು: "ಈ ಹಣ ಬಾರದಿದ್ದರೆ ಮೂರು ತಿಂಗಳೊಳಗೆ ಇದೇ ಕಚೇರಿಗೆ ತಿಳಿಸಿ. ವಕೀಲರು ಬೇಕಿಲ್ಲ." ಇಂಥ ತಿದ್ದುಪಡಿಗೆ ಆರ್ಥಿಕ ಇಲಾಖೆಯ ಸಹಮತಿಗಾಗಿ ಕಾಯಬೇಕಾದ ಪ್ರಮೇಯವೂ ಬಾರದು.

ನಿಮ್ಮ ರಕ್ಷಣೆಯಿಂದ ಯಾರಿಗಾದರೂ ಪೆಟ್ಟಾದೀತೇ?

ಈ ಪ್ರಶ್ನೆ ಕೇಳದೆ ಯಾವ ಕರಡನ್ನೂ ಮೇಲಕ್ಕೆ ಕಳಿಸಬೇಡಿ. ಬೆಂಗಳೂರಿನದೇ ಪ್ರಕರಣವೊಂದಿದೆ. ಅತ್ತೆ ಮಾವ ಹಿರಿಯ ನಾಗರಿಕರ ಕಾಯ್ದೆಯಡಿ ಅರ್ಜಿ ಹಾಕಿದರು. ಸೊಸೆ ಮನೆ ಖಾಲಿ ಮಾಡಬೇಕೆಂದು ಆದೇಶವಾಯಿತು. ಗಂಡನಿಂದ ದೂರವಾಗಿದ್ದ ಆ ಹೆಣ್ಣುಮಗಳು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಎಸ್. ವನಿತಾ ಪ್ರಕರಣದಲ್ಲಿ 2020ರ ಡಿಸೆಂಬರ್ 15ರಂದು ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಂಗಸಿಗೆ ಕೊಟ್ಟ ವಾಸದ ಹಕ್ಕನ್ನು ಹಿರಿಯರ ಕಾಯ್ದೆಯಿಂದ ಸುಮ್ಮನೆ ಅಳಿಸಿಹಾಕುವಂತಿಲ್ಲ, ಎರಡನ್ನೂ ಹೊಂದಿಸಿ ಓದಬೇಕು ಎಂದಿತು. ಅತ್ತೆಯೂ ಅಸಹಾಯಕಿ, ಸೊಸೆಯೂ ಅಸಹಾಯಕಿ ಆಗಿರುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಆದ್ದರಿಂದ ತೆರವು ಕೇಳುವ ಅರ್ಜಿಯ ನಮೂನೆಯಲ್ಲಿ ಆ ಮನೆಯಲ್ಲಿ ಬೇರೆ ಯಾರು ಯಾರು ಇದ್ದಾರೆ ಎಂಬ ಅಂಕಣ ಇರಲೇಬೇಕು.

ಆಶ್ರಯ ಕೊಡುವ ಜಾಗಗಳ ವಿಷಯದಲ್ಲಿ ನನ್ನ ಮಾತು ಇನ್ನೂ ಕಟು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನಿಟ್ಟಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿ ಹಾಕಿದ್ದರಿಂದ ಓಡಲಾರದೆ 28 ಮಂದಿ ಸತ್ತರು. ಸರಪಳಿ ಹಾಕುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಬೀದಿಯಲ್ಲಿ ಅಲೆಯುವ ರೋಗಿಯನ್ನು ಲಾಕಪ್ಪಿಗೆ ಹಾಕಕೂಡದು, 24 ಗಂಟೆಯೊಳಗೆ ಸರ್ಕಾರಿ ಆರೋಗ್ಯ ಸಂಸ್ಥೆಗೆ ತಲುಪಿಸಬೇಕು ಎಂದು ಠಾಣಾಧಿಕಾರಿಗೂ ಕಟ್ಟಪ್ಪಣೆಯಿದೆ. ಸಿರಿವಂತ ದೇಶಗಳಲ್ಲೂ ಗೋಡೆಯ ಒಳಗಿನ ಕ್ರೌರ್ಯ ತಪ್ಪಿಲ್ಲ: ಇಂಗ್ಲೆಂಡಿನ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಕಲಿಕಾ ನ್ಯೂನತೆ ಇದ್ದವರನ್ನು ಸಿಬ್ಬಂದಿಯೇ ಹಿಂಸಿಸುತ್ತಿದ್ದುದು 2011ರಲ್ಲಿ ಬಿಬಿಸಿಯ ಗುಪ್ತ ಕ್ಯಾಮೆರಾದಿಂದ ಬಯಲಾಯಿತು. ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮವನ್ನು ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ ನಮ್ಮ ಕಾಯ್ದೆ. ಕಟ್ಟಡ ಕಟ್ಟಿಸುವಾಗಲೇ ಪೂರ್ವಸೂಚನೆ ಇಲ್ಲದ ಭೇಟಿ, ಒಳಗಿರುವವರು ಹೊರಗಿನವರೊಡನೆ ಏಕಾಂತದಲ್ಲಿ ಮಾತಾಡುವ ಹಕ್ಕು, ರಾತ್ರಿ ಪಾಳಿಯ ಸಿಬ್ಬಂದಿಯ ಸಂಖ್ಯೆ, ಈ ಮೂರನ್ನೂ ನಿಯಮದಲ್ಲಿ ಬರೆದುಬಿಡಿ.

ಲೆಕ್ಕ ಇಡಿ, ಕಡತ ಒಪ್ಪಿಸಿ

ಎಷ್ಟು ಅರ್ಜಿ ಬಂದವು, ಎಷ್ಟು ವಿಲೇವಾರಿಯಾದವು ಎಂಬ ತಖ್ತೆಯನ್ನು ಎಲ್ಲರೂ ಕಳಿಸುತ್ತಾರೆ. ನೀವು ಇನ್ನೊಂದು ಅಂಕಣ ಸೇರಿಸಿ: ಆದೇಶವಾಗಿ ಆರು ತಿಂಗಳ ನಂತರ ಎಷ್ಟು ಹಿರಿಯರ ಕೈಗೆ ಹಣ ತಲುಪುತ್ತಿದೆ? ಪ್ರತಿ ಜಿಲ್ಲೆಯಿಂದ ಹತ್ತು ಮಂದಿಗೆ ತಂಡದವರೇ ಕರೆ ಮಾಡಿ ಕೇಳಲಿ. ಮೊದಲ ಸಲ ಬರುವ ಅಂಕಿ ನೋವು ತಂದರೂ ಅದನ್ನು ಮುಚ್ಚಿಡದೆ ಕಾರ್ಯದರ್ಶಿಗಳ ಮುಂದಿಡಿ. ಇಂಥ ಕಥೆಗಳನ್ನು ದಿನವೂ ಕೇಳುವ ಕಿರಿಯರು ಮನೆಗೆ ಹೋಗಿಯೂ ನಿದ್ದೆ ಮಾಡಲಾರರು; ವಾರಕ್ಕೊಮ್ಮೆ ಅವರ ಮಾತಿಗೂ ಕಿವಿಗೊಡಿ.

ಒಂದು ದಿನ ನಿಮ್ಮ ವರ್ಗಾವಣೆಯ ಆದೇಶವೂ ಬರುತ್ತದೆ. ಪ್ರಭಾರ ಒಪ್ಪಿಸುವ ಕಡತದ ಮೊದಲ ಹಾಳೆಯಲ್ಲಿ ನಿಮ್ಮ ಸಾಧನೆಯ ಪಟ್ಟಿ ಬೇಡ. ಇನ್ನೂ ಮುಗಿಯದ ಪ್ರಕರಣಗಳಿರಲಿ: ಯಾವ ಊರು, ಯಾವ ಕಚೇರಿಯಲ್ಲಿ ನಿಂತಿದೆ, ಮುಂದಿನ ದಿನಾಂಕ ಯಾವುದು, ಅಲ್ಲಿಗೆ ಹೋಗಿ ಬರಬಲ್ಲ ಗ್ರಾಮೀಣ ಕಾರ್ಯಕರ್ತರು ಯಾರು. ಪಕ್ಕದ ಅಂಕಣದಲ್ಲಿ ಆ ವ್ಯಕ್ತಿ ಕೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಿರಿ. ನಾನು ಒಪ್ಪಿಸಿದ ಹಾಳೆಯಲ್ಲಿ ಮೂರನೆಯ ಸಾಲು ಹೀಗಿತ್ತು: "ಮಗನ ಮೇಲೆ ಕೇಸು ಬೇಡ. ಹಿಂದಿನ ಕೋಣೆಯ ಬೀಗದ ಕೈ ನನ್ನ ಹತ್ತಿರ ಇರಲಿ."